ಉಕ್ಕದ ಹಾಲು

ಅಪ್ಪನಿಗೆ ಜ್ವರ ಸಂಜೆಗೆ ಬರುತ್ತಿತ್ತು, ಬೆಳಗಾದರೆ ಬೆವರಿಳಿಸಿ ಹೋಗುತ್ತಿತ್ತು. ಒಬ್ಬರು ಟೈಫಾಯ್ಡ್ ಎಂದು ಮಾತ್ರೆ ಕೊಟ್ಟರು, ಇನ್ನೊಬ್ಬರು ಮಲೇರಿಯಾ ಎಂದು ಸೂಜಿ ಚುಚ್ಚಿದರು. ಭಾಲ್ಕಿಯ ಗಂಡನ ಮನೆಯಿಂದ ಬಸ್ಸು ಹತ್ತಿ ನಾನು ನೌಬಾದಕ್ಕೆ ಬಂದಾಗಲೆಲ್ಲ ಅಪ್ಪ ಇನ್ನಷ್ಟು ಇಳಿದಿರುತ್ತಿದ್ದ. ಸೊಂಟ ನೋವಿಗೆ ಏಳಲೂ ಆಗುತ್ತಿರಲಿಲ್ಲ. ಇವನು ಉಳಿಯುವುದಿಲ್ಲ ಎಂದೇ ನನಗೆ ಅನಿಸಿಬಿಟ್ಟಿತ್ತು.

ಅವ್ವನಿಗೆ ಗೊತ್ತಿದ್ದ ಮದ್ದು ಒಂದೇ, ಹಾಲು. ಔರಾದ ತಾಲೂಕಿನ ಸಂತಪುರದ ಅವಳ ತವರಿನಿಂದ ಬಂದ ಎಮ್ಮೆ ಹಿತ್ತಲಲ್ಲಿತ್ತು. ಅಪ್ಪ ಸೊರಗಿದಷ್ಟೂ ಅವನ ಲೋಟ ದೊಡ್ಡದಾಯಿತು. "ಹಾಲ ಕುಡ್ಯೋರಿಗಿ ರೋಗ ಹತ್ತಲ್ಲ" ಎನ್ನುತ್ತಿದ್ದಳು. ಹತ್ತಿದ ರೋಗ ಪಡಸಾಲೆಯಲ್ಲೇ ಮಲಗಿತ್ತು. ಅವಳಿಗೆ ಹೇಳುವವರು ಯಾರು?

ಕಡೆಗೆ ಬೀದರಿನ ಡಾಕ್ಟರಮ್ಮ ಒಬ್ಬರು ಮನೆಯಲ್ಲಿ ದನ ಇದೆಯೇ ಎಂದು ಕೇಳಿದರು. ಎಮ್ಮೆ ಈ ಸಲ ದಿನ ತುಂಬುವ ಮೊದಲೇ ಸತ್ತ ಕರು ಹಾಕಿದ್ದನ್ನು ಹೇಳಿದೆ. ರಕ್ತ ಪರೀಕ್ಷೆ ಮಾಡಿಸಿ, ಇದು ದನದ ಹಾಲಿನಿಂದ ಮನುಷ್ಯರಿಗೆ ಬರುವ ಬ್ರುಸೆಲ್ಲಾ ಜ್ವರ ಎಂದರು. ಎಮ್ಮೆಯನ್ನು ದನದ ಡಾಕ್ಟರಿಗೆ ತೋರಿಸಿ ಎಂದೂ ಹೇಳಿದರು.

"ಹಾಲು ಕುದಿಸಿ ಕುಡೀತಿರೇನ್ರಿ?"

"ಕಾಸದೆ ಯಾರ ಕುಡೀತಾರ್ರಿ?" ಅಂದಳು ಅವ್ವ.

ಔಷಧಿಗೆ ಜ್ವರ ಇಳಿಯಿತು. ಅಪ್ಪ ಗೋಡೆ ಹಿಡಿದು ಹಿತ್ತಲವರೆಗೆ ನಡೆದ. ಔಷಧಿ ಮುಗಿದು ಸ್ವಲ್ಪ ದಿನಕ್ಕೆ ಸಂಜೆಯ ಚಳಿ ಮತ್ತೆ ಬಂತು.

ಅವತ್ತು ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದೆ. ಹಾಲಿನ ಅಂಚಿನಲ್ಲಿ ಗುಳ್ಳೆ ಏಳುವುದರೊಳಗೆ ಅವ್ವ ಸೆರಗಿನಿಂದ ಪಾತ್ರೆ ಹಿಡಿದು ಇಳಿಸಿಬಿಟ್ಟಳು. ನಮ್ಮ ಮನೆಯಲ್ಲಿ ಹಾಲು ಎಂದೂ ಉಕ್ಕಿದ್ದಿಲ್ಲ. ಅದನ್ನು ಅವ್ವನ ಜಾಣತನ ಎಂದು ಊರೆಲ್ಲ ಹೇಳಿಕೊಂಡು ತಿರುಗಿದವಳು ನಾನು.

"ಅವ್ವ, ಇದಕ್ಕ ಕಾಸೋದು ಅಂತಾರೇನು? ಬರೇ ಬೆಚ್ಚಗ ಮಾಡೀದಿ."

"ಉಕ್ಕಿ ಒಲಿಗಿ ಬಿದ್ರ ಎಮ್ಮಿ ಕೆಚ್ಚಲ ಸುಡ್ತದ. ಮೊದ್ಲೇ ಕರ ಕಳ್ಕೊಂಡದ ಅದು."

"ಹಂಗಾರ ಅಪ್ಪ ಸಾಯ್ಲೇನು?"

ಅವ್ವ ಪಡಸಾಲೆಯ ಕಡೆ ನೋಡಿದಳು, ಹಿತ್ತಲ ಕಡೆ ನೋಡಿದಳು. ಕಟ್ಟಿಗೆಯ ಒಲೆ ಹೋಗಿ ಗ್ಯಾಸ್ ಬಂದು ಎಷ್ಟೋ ವರ್ಷವಾಗಿದ್ದರೂ ಆ ಭಯ ಮಾತ್ರ ಹೋಗಿರಲಿಲ್ಲ. ನನಗೆ ಸಿಟ್ಟೂ ಬಂತು, ಅಳುವೂ ಬಂತು.

ಅವಳು ಪಾತ್ರೆಯನ್ನು ಮತ್ತೆ ಒಲೆಯ ಮೇಲಿಟ್ಟಳು. ಹಾಲು ಏರತೊಡಗಿದಾಗ ಬಲಗೈ ತಾನಾಗಿ ಮುಂದೆ ಹೋಯಿತು. ಎಡಗೈಯಿಂದ ಅದನ್ನು ಬಿಗಿಯಾಗಿ ಹಿಡಿದುಕೊಂಡಳು. ಹಾಲು ಉಕ್ಕಿ ಸುರಿಯಿತು. ಬೆಂಕಿ ಚುರ್ ಎಂದು ಆರಿತು. ನಾನು ಬರ್ನರ್ ಒರೆಸಿ, ಮತ್ತೆ ಹಚ್ಚಿ, ಚೆನ್ನಾಗಿ ಕುದಿಸಿದೆ.

ತಿರುಗಿ ನೋಡಿದರೆ ಅವ್ವ ಇರಲಿಲ್ಲ. ಅಪ್ಪನ ಹಣೆಗೆ ಹಾಕುವ ತಣ್ಣೀರು ಪಟ್ಟಿಯ ತಂಬಿಗೆಯೂ ಇರಲಿಲ್ಲ. ಹಿತ್ತಲಲ್ಲಿ ಎಮ್ಮೆಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಒದ್ದೆ ಬಟ್ಟೆಯನ್ನು ಅದರ ಕೆಚ್ಚಲಿಗೆ ಒತ್ತುತ್ತಿದ್ದಳು. "ತಪ್ಪಾಯ್ತವ್ವ, ತಪ್ಪಾಯ್ತು" ಎಂದು ಅಳುತ್ತಿದ್ದಳು.

ಪಟ್ಟಿ ಒಣಗಿದೆ ಎಂದು ಒಳಗಿನಿಂದ ಅಪ್ಪ ನರಳುತ್ತ ಕರೆದ.

"ತಡೀರಿ" ಅಂದಳು ಅವ್ವ, "ಇಕಿದು ಇನ್ನಾ ಸುಡ್ಲತ್ತದ."