ಅವರು ಕೂತಾಗ ಮಾತ್ರ ಮಾಯವಾಗುತ್ತಿದ್ದ ಚಿತ್ರ

2022ರಲ್ಲಿ, ತುಮಕೂರಿನ ಸತ್ಯಮಂಗಲದಲ್ಲಿದ್ದ ನನ್ನ ಆಟೋ ಎಲೆಕ್ಟ್ರಿಕಲ್ ಗ್ಯಾರೇಜಿಗೆ ಇಪ್ಪತ್ತಾರು ವರ್ಷ ತುಂಬಿತ್ತು. ಐಟಿಐ ಮುಗಿಸಿ, ಶಿರಾ ಗೇಟ್‌ನ ಅಂಗಡಿಯೊಂದರಲ್ಲಿ ಬ್ಯಾಟರಿ ಚಾರ್ಜ್ ಮಾಡುವುದರಿಂದ ಶುರು ಮಾಡಿದವನು ನಾನು. ಅಷ್ಟು ಹೊತ್ತಿಗೆ ಲಾರಿ ವೈರಿಂಗ್ ಅಂದರೆ ನನ್ನನ್ನೇ ಕೇಳಬೇಕು ಎನ್ನುವ ಮಟ್ಟಕ್ಕೆ ಬಂದಿದ್ದೆ. ಊರವರು ಹಾಗೆ ಹೇಳುತ್ತಿದ್ದರು ಎನ್ನುವುದಕ್ಕಿಂತ ನಾನೇ ಹೇಳಿಕೊಂಡು ತಿರುಗುತ್ತಿದ್ದೆ ಎನ್ನುವುದೇ ಸರಿ. ಜೇಬಿನಲ್ಲಿ ಸದಾ ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ಇರುತ್ತಿತ್ತು. ಯಾರಾದರೂ ಎದುರು ಮಾತಾಡಿದರೆ ಅದನ್ನು ಹೊರತೆಗೆದು ಅವರ ಬಾಯಿ ಮುಚ್ಚಿಸುತ್ತಿದ್ದೆ. ಈಗ ಬರೆಯುತ್ತಿರುವ ಸಂಗತಿಯನ್ನು ಮನೆಯಲ್ಲೂ ಪೂರ್ತಿ ಹೇಳಿಲ್ಲ, ಹೇಳಲು ನಾಚಿಕೆ.

ಆ ವರ್ಷದ ಆಗಸ್ಟ್‌ನಲ್ಲಿ ಕುಣಿಗಲ್ ಕಡೆಯಿಂದ ಒಂದು ವಿಚಿತ್ರ ಲಾರಿ ಬಂತು. ಅದರ ಮಾಲೀಕರು ಉಮೇಶ್, ಕುದುರೆ ಸಾಕುವವರು. ಮಾಮೂಲಿ ಲಾರಿಯ ಚಾಸಿ ಮೇಲೆ ಕುದುರೆ ಸಾಗಿಸಲೆಂದೇ ಬೇರೆ ಬಾಡಿ ಕಟ್ಟಿಸಿದ್ದರು. ಹಿಂದೆ ಮೂರು ಕುದುರೆ ನಿಲ್ಲುವಷ್ಟು ಜಾಗ, ಕುದುರೆಗೆ ಪೆಟ್ಟಾಗದಂತೆ ಒಳಗೋಡೆಗೆಲ್ಲ ಸ್ಪಂಜು ಇಟ್ಟು ರೆಕ್ಸಿನ್ ಹೊದಿಸಿದ ಮೆತ್ತೆ. ಅವರ ಫಾರಂನಲ್ಲಿ ಕಲ್ಲಿನ ಕಟ್ಟೆಯೊಂದಿತ್ತು. ಲಾರಿ ಹಿಂದಕ್ಕೆ ಬಂದು ಆ ಕಟ್ಟೆಗೆ ಇನ್ನೇನು ತಾಗಬೇಕು ಎನ್ನುವಷ್ಟು ಹತ್ತಿರ ನಿಂತರೆ, ಕುದುರೆ ಸಲೀಸಾಗಿ ನಡೆದು ಇಳಿಯುತ್ತದೆ. ಕಟ್ಟೆ ಗಿಡ್ಡ, ಕನ್ನಡಿಯಲ್ಲಿ ಕಾಣುವುದಿಲ್ಲ. ಅದಕ್ಕೇ ಹಿಂದುಗಡೆ ಕ್ಯಾಮರಾ ಬೇಕು ಎಂದರು. ಜೊತೆಗೆ ಕ್ಯಾಬಿನ್ನಿನ ಟ್ರಿಮ್, ಅಂದರೆ ಒಳಗಿನ ಪ್ಲೈವುಡ್ ಮತ್ತು ರೆಕ್ಸಿನ್ ಹೊದಿಕೆ, ನೀರು ಕುಡಿದು ಕಿತ್ತುಬಂದಿತ್ತು. ಅದನ್ನೂ ಸರಿಮಾಡಬೇಕಿತ್ತು.

ಲಾರಿ ತಂದವರು ಡ್ರೈವರ್ ಕೆಂಪಯ್ಯ. ಯಡಿಯೂರಿನ ಹತ್ತಿರದವರು, ವಯಸ್ಸು ಐವತ್ತೇಳು, ಆರಡಿ ದಾಟಿದ ಆಳು. ಇಪ್ಪತ್ತೆರಡು ವರ್ಷದಿಂದ ಕುದುರೆ ಗಾಡಿಯನ್ನೇ ಓಡಿಸುತ್ತಿದ್ದರು. ಮಾತು ಕಡಿಮೆ. ಕೀ ಕೊಟ್ಟು, ಕುದುರೆ ಜಾಗದಲ್ಲಿ ಎಲ್ಲೂ ಚೂಪಾದ್ದು ಹೊರಗೆ ಬರದಂತೆ ನೋಡಿಕೊಳ್ಳಿ ಎಂದಷ್ಟೇ ಹೇಳಿ ಬಸ್ ಹತ್ತಿ ಹೋದರು.

ಕೆಲಸ ಮೂರು ದಿನ ಹಿಡಿಯಿತು. ಹಿಂಬಾಗಿಲ ಮೇಲೆ ಕ್ಯಾಮರಾ, ಸ್ಟೇರಿಂಗ್ ಪಕ್ಕದಲ್ಲಿ ಏಳಿಂಚಿನ ಸ್ಕ್ರೀನ್, ಎರಡರ ನಡುವೆ ಹದಿನೈದು ಮೀಟರ್ ಕೇಬಲ್. ರಿವರ್ಸ್ ಲೈಟಿನ ವೈರಿನಿಂದ ಸ್ಕ್ರೀನಿಗೆ ಒಂದು ಎಳೆ ಕೊಟ್ಟರೆ, ಡ್ರೈವರ್ ರಿವರ್ಸ್ ಗೇರ್ ಹಾಕಿದ ಕೂಡಲೇ ಹಿಂದಿನ ಚಿತ್ರ ತಾನೇ ಬರುತ್ತದೆ. ಕೇಬಲನ್ನು ಡ್ರೈವರ್ ಸೀಟಿನ ಹಿಂದುಗಡೆಯಿಂದ ಇಳಿಸಿ ಚಾಸಿಗೆ ಕಟ್ಟಿದೆ. ಅದರ ಮೇಲೆ ಹೊಸ ಪ್ಲೈವುಡ್ ಹಲಗೆ ಕೂರಿಸಿ, ಸ್ಪಂಜು ಅಂಟಿಸಿ, ಬೂದು ಬಣ್ಣದ ರೆಕ್ಸಿನ್ ಎಳೆದೆ. ಆ ಹಲಗೆಗೆ ಹನ್ನೆರಡು ಸ್ಕ್ರೂ. ಹನ್ನೊಂದು ಹಾಕುವಷ್ಟರಲ್ಲಿ ಮುಕ್ಕಾಲಿಂಚಿನವು ಮುಗಿದವು. ಡಬ್ಬದಲ್ಲಿ ಒಂದೂವರೆ ಇಂಚಿನದೊಂದು ಸಿಕ್ಕಿತು, ಅದನ್ನೇ ತಿರುಗಿಸಿ ಕೂರಿಸಿದೆ. ಸೀಟಿನಲ್ಲಿ ಕೂತು ರಿವರ್ಸ್ ಹಾಕಿದೆ. ಚಿತ್ರ ಕನ್ನಡಿಯ ಹಾಗೆ ಸ್ವಚ್ಛವಾಗಿ ಬಂತು. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಎಂಟು ದಿನಕ್ಕೆ ಕೆಂಪಯ್ಯ ಲಾರಿ ಸಮೇತ ವಾಪಸ್ ಬಂದರು. "ನಾನ್ ಕೂತ್ರೆ ಪಿಚ್ಚರ್ ಹೊಂಟೋಯ್ತದೆ ಮೇಸ್ತ್ರಿ," ಎಂದರು. ನಾನು ಸೀಟು ಮುಂದಕ್ಕೆ ಎಳೆದುಕೊಂಡು ಕೂತೆ. ನಾನು ಐದಡಿ ಮೂರಿಂಚಿನವನು, ಸೀಟು ಮುಂದೆ ಬರದಿದ್ದರೆ ಕಾಲು ಕ್ಲಚ್ಚಿಗೆ ಎಟುಕುವುದಿಲ್ಲ. ಗೇರ್ ಹಾಕಿದೆ, ಚಿತ್ರ ಇತ್ತು. ಮೀಟರ್ ಇಟ್ಟೆ, ವೋಲ್ಟೇಜ್ ಸರಿಯಿತ್ತು. ಕ್ಯಾಮರಾಗೆ ನಿಮ್ಮ ಮೀಸೆ ಕಂಡರೆ ಭಯ ಇರಬೇಕು ಎಂದು ತಮಾಷೆ ಮಾಡಿದೆ. ಗ್ಯಾರೇಜಿನಲ್ಲಿದ್ದವರೆಲ್ಲ ನಕ್ಕರು. ಅವರು ನಗಲಿಲ್ಲ. ಸ್ವಲ್ಪ ಹೊತ್ತು ಸ್ಕ್ರೀನನ್ನೇ ನೋಡುತ್ತ ನಿಂತು, ಲಾರಿ ತೆಗೆದುಕೊಂಡು ಹೋದರು.

ನಾಲ್ಕು ದಿನ ಬಿಟ್ಟು ಉಮೇಶ್ ಫೋನ್ ಮಾಡಿದರು. ಡ್ರೈವರ್ ಅದನ್ನೇ ಹೇಳುತ್ತಿದ್ದಾರೆ, ಇನ್ನೊಂದು ಸಲ ನೋಡುತ್ತೀರಾ ಎಂದು ವಿನಯದಿಂದಲೇ ಕೇಳಿದರು. ನನಗೆ ಕೋಪ ನೆತ್ತಿಗೇರಿತು. ಅವತ್ತು ಆಡಿದ ಮಾತು ಒಂದಕ್ಷರವೂ ಮರೆತಿಲ್ಲ.

"ಕ್ಯಾಮರಾ ಪರ್ಫೆಕ್ಟ್ ಆಗಿದೆ ಸಾರ್. ಹಳೇ ಡ್ರೈವರ್‌ಗಳಿಗೆ ಇವೆಲ್ಲ ಹಿಡಿಸಲ್ಲ. ಏನೋ ಒತ್ತಿ ಕೆಡಿಸ್ಕೊಂಡು ನಮ್ ಮೇಲೆ ಹಾಕ್ತಾರೆ. ಅವ್ರ್ ಕಣ್ಣು ಒಂದ್ಸಲ ಟೆಸ್ಟ್ ಮಾಡ್ಸಿ."

ಸೆಪ್ಟೆಂಬರ್‌ನಲ್ಲಿ ಆಗಬಾರದ್ದು ಆಯಿತು. ಗಬ್ಬದ ಕುದುರೆಯೊಂದನ್ನು ಹೇರಿಕೊಂಡು ಬಂದ ಕೆಂಪಯ್ಯ ಕಟ್ಟೆಗೆ ಲಾರಿ ಹಿಂದಕ್ಕೆ ಬಿಡುತ್ತಿದ್ದಾಗ, ಇನ್ನು ಒಂದೂವರೆ ಅಡಿ ಇದೆ ಎನ್ನುವಾಗ ಚಿತ್ರ ಹೋಯಿತು. ಅವರು ಗಾಬರಿಯಾದ ಆ ಒಂದು ಕ್ಷಣದಲ್ಲಿ ಲಾರಿ ಕಟ್ಟೆಗೆ ಹೊಡೆಯಿತು. ಕುದುರೆ ಮುಂಗಾಲು ಮಡಿಸಿ ಬಿತ್ತು, ಮೊಣಕಾಲು ಒಡೆಯಿತು. ಕುದುರೆ ಉಳಿಯಿತು, ಹೊಟ್ಟೆಯಲ್ಲಿದ್ದ ಮರಿ ಉಳಿಯಲಿಲ್ಲ. ಉಮೇಶ್ ಕೆಂಪಯ್ಯನವರನ್ನು ಕೆಲಸದಿಂದ ತೆಗೆದರು. ಈ ಸುದ್ದಿ ಹೇಳಲು ಅವರೇ ಫೋನ್ ಮಾಡಿ, ನೀವು ಮುಂಚೆಯೇ ಹೇಳಿದ್ದಿರಿ, ನಾನೇ ಕೇಳಲಿಲ್ಲ ಎಂದರು. ನಾನು ಒಂದು ಮಾತಿಗೂ ಇಲ್ಲ ಎನ್ನಲಿಲ್ಲ. ಅಷ್ಟೇ ಆಗಿದ್ದರೆ ಹೋಗಲಿ, ಶಿರಾ ಗೇಟ್‌ನಲ್ಲಿ ಟೀ ಕುಡಿಯುತ್ತ ನಾಲ್ಕು ಜನರ ಮುಂದೆ ಇದನ್ನು ಬಣ್ಣ ಕಟ್ಟಿ ಹೇಳಿದ್ದೂ ಇದೆ. ಹೊಸ ಡ್ರೈವರ್ ನನ್ನ ಹಾಗೆ ಗಿಡ್ಡ ಆಳು. ಅವರಿಂದ ಒಂದು ದೂರೂ ಬರದಿದ್ದಾಗ ನನಗೆ ಕೊಂಬು ಬಂದಿತ್ತು.

ಜನವರಿಯಲ್ಲಿ ಅದೇ ಲಾರಿ ಮತ್ತೆ ಬಂತು. ಕುದುರೆ ಒದ್ದು ಮೆತ್ತೆ ಹರಿದಿತ್ತು. ಅದನ್ನು ಹೊಲಿಯುವಾಗ ಕ್ಯಾಬಿನ್ನಿನಲ್ಲೂ ಎಲ್ಲಿಂದಲೋ ನೀರು ಇಳಿದಿರುವುದು ಕಂಡಿತು. ಸೀಟಿನ ಹಿಂದಿನ ಹಲಗೆ ಬಿಚ್ಚಿದೆ. ಹನ್ನೊಂದು ಸ್ಕ್ರೂ ಸಲೀಸಾಗಿ ಬಂದವು. ಹನ್ನೆರಡನೆಯದು ಬರುವಾಗ ತನ್ನ ಜೊತೆ ಕೇಬಲನ್ನೂ ಎಳೆದುಕೊಂಡು ಬಂತು. ನನ್ನ ಒಂದೂವರೆ ಇಂಚಿನ ಸ್ಕ್ರೂ ಪ್ಲೈವುಡ್ ದಾಟಿ, ಕೇಬಲಿನ ಮೇಲುಹೊದಿಕೆ ಸೀಳಿ, ಒಳಗಿನ ತಂತಿಯ ಅಂಚಿಗೆ ಬಂದು ನಿಂತಿತ್ತು.

ಕಣ್ಣೆದುರೇ ಇತ್ತು. ಆದರೂ ನಂಬಲು ಮನಸ್ಸಾಗಲಿಲ್ಲ. ಎಲ್ಲವನ್ನೂ ಇದ್ದ ಹಾಗೇ ಕೂರಿಸಿ, ಗೇರ್ ಹಾಕಿಟ್ಟು, ಸೀಟನ್ನು ಕೊನೆಯ ಹಲ್ಲಿನವರೆಗೂ ಹಿಂದಕ್ಕೆ ತಳ್ಳಿದೆ. ಸೀಟಿನ ಬೆನ್ನು ಹಲಗೆಗೆ ಒತ್ತಿತು, ಸ್ಕ್ರೂ ತಂತಿಗೆ ತಾಗಿ ಚಿತ್ರ ಹೋಯಿತು. ಮುಂದಕ್ಕೆ ಎಳೆದೆ, ಬಂತು. ಮತ್ತೆ ತಳ್ಳಿದೆ, ಹೋಯಿತು. ಆರಡಿ ಮನುಷ್ಯ ಸೀಟು ಹಿಂದಕ್ಕೆ ಹಾಕಿಕೊಳ್ಳದೆ ಕೂರಲಾರ. ಬ್ರೇಕ್ ಒತ್ತುವಾಗಲಂತೂ ಬೆನ್ನು ಇನ್ನಷ್ಟು ಹಿಂದಕ್ಕೆ ಒತ್ತುತ್ತದೆ. ಅಂದರೆ ಕೆಂಪಯ್ಯ ಕಟ್ಟೆಯ ಹತ್ತಿರ ಬಂದು ಬ್ರೇಕ್ ಮೇಲೆ ಕಾಲಿಟ್ಟ ಗಳಿಗೆಯಲ್ಲೇ ಅವರ ಚಿತ್ರ ಕಿತ್ತುಕೊಂಡವನು ನಾನು.

ಅವತ್ತೇ ಉಮೇಶ್‌ಗೆ ಫೋನ್ ಮಾಡಬೇಕಿತ್ತು. ಮಾಡಲಿಲ್ಲ. ಕೇಬಲ್ ಬದಲಾಯಿಸಿ, ಸರಿಯಾದ ಅಳತೆಯ ಸ್ಕ್ರೂ ಹಾಕಿ, ಯಾರಿಗೂ ಕಾಣದಂತೆ ರೆಕ್ಸಿನ್ ಎಳೆದು ಮುಚ್ಚಿ ಲಾರಿ ಕಳಿಸಿದೆ. ಸ್ಕ್ರೂ ಹಾಕಿದ್ದು ಅಜಾಗರೂಕತೆ ಎನ್ನಬಹುದು. ಹೀಗೆ ಮುಚ್ಚಿಟ್ಟಿದ್ದಕ್ಕೆ ಆ ಹೆಸರೂ ಸಲ್ಲುವುದಿಲ್ಲ. ಹನ್ನೆರಡು ದಿನ ಹಾಗೇ ಇದ್ದೆ. ಗ್ಯಾರೇಜಿಗೆ ಬಂದವರು ಯಾರಾದರೂ ಎತ್ತರದವರಾಗಿದ್ದರೆ ಕೆಂಪಯ್ಯನವರೇ ಬಂದರೇನೋ ಎಂದು ಒಳಗೆ ಸರಿಯುತ್ತಿದ್ದೆ.

ಹದಿಮೂರನೆಯ ದಿನ ಉಮೇಶ್‌ಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವರು, ಕೆಂಪಯ್ಯ ಗುಬ್ಬಿಯಲ್ಲಿದ್ದಾರಂತೆ, ತೆಂಗಿನ ನಾರಿನ ಕಾರ್ಖಾನೆಯೊಂದರಲ್ಲಿ ವಾಚ್‌ಮನ್ ಅಂತೆ, ಬರುವುದಾದರೆ ನನ್ನ ಬಾಗಿಲು ತೆರೆದಿದೆ ಎಂದು ಹೇಳಿ ಎಂದರು. ಮಾರನೆಯ ದಿನ ಬೆಳಿಗ್ಗೆಯೇ ಗುಬ್ಬಿಗೆ ಹೋದೆ.

ಒಂದೇ ಕೋಣೆಯ ಬಾಡಿಗೆ ಮನೆ. ಅವರ ಹೆಂಡತಿ ಜಯಮ್ಮ ಹೊಸ್ತಿಲ ಬಳಿ ಅವರೆಕಾಯಿ ಬಿಡಿಸುತ್ತಿದ್ದರು. ಕೆಂಪಯ್ಯ ಚಾಪೆ ಹಾಸಿ ಕೂತ್ಕೊಳ್ಳಿ ಎಂದರು. ನಾನು ನಿಂತೇ ಹೇಳಿದೆ. ಸ್ಕ್ರೂ, ಸೀಟು, ಬ್ರೇಕ್, ಫೋನಿನಲ್ಲಿ ಆಡಿದ ಮಾತು, ಹನ್ನೆರಡು ದಿನ ಬಾಯಿ ಮುಚ್ಚಿಕೊಂಡಿದ್ದು, ಯಾವುದನ್ನೂ ಬಿಡಲಿಲ್ಲ. ಬಯ್ಯುತ್ತಾರೆ, ಹೊಡೆದರೂ ಹೊಡೆಯಲಿ ಎಂದುಕೊಂಡಿದ್ದೆ. ಅವರು ನನ್ನ ಕಡೆ ನೋಡಲೂ ಇಲ್ಲ. ಹೆಂಡತಿಯ ಕಡೆ ತಿರುಗಿ, "ಅಂಗಾರೆ ನನ್ ಕಣ್ಣು ಸರಿಯಾಗೇ ಇತ್ತು ಕಣೇ," ಎಂದರು.

ಆಮೇಲೆ ತಿಳಿಯಿತು. ನಾನು ಫೋನಿನಲ್ಲಿ ಆಡಿದ ಮಾತು ಉಮೇಶ್ ಮೂಲಕ ಕಿವಿಗೆ ಬಿದ್ದು, ತುಮಕೂರಿನಲ್ಲಿ ಎರಡು ಸಲ ಕಣ್ಣು ತೋರಿಸಿದ್ದರಂತೆ. ಏನೂ ದೋಷವಿಲ್ಲ ಎಂದು ಡಾಕ್ಟರ್ ಹೇಳಿದರೂ ನಂಬದೆ ಸ್ಟೇರಿಂಗ್ ಮುಟ್ಟುವುದನ್ನೇ ಬಿಟ್ಟಿದ್ದರು. ಊರಿನವರು ಕೇಳುತ್ತಾರೆ ಎಂದು ಊರು ಬಿಟ್ಟು ಗುಬ್ಬಿಗೆ ಬಂದಿದ್ದರು. "ಮಿಸಿನ್ ತಪ್ಪಿಲ್ಲ ಅಂತ ನೀವೇ ಅಂದ್ಮೇಕೆ ತಪ್ಪು ನಂದೇ ಇರ್ಬೇಕಲ್ಲ ಮೇಸ್ತ್ರಿ. ಗಾಡಿ ಬಾಡಿ ಬಡಿದ್ರೆ ಕುದ್ರೆ ಬೆದರ್ತವೆ, ಕ್ಯಾಮ್ರಾ ಹಾಕ್ಸಿ ಅಂತ ಯಜಮಾನ್ರಿಗೆ ದುಂಬಾಲು ಬಿದ್ದೋನೂ ನಾನೇಯ," ಎಂದರು. ಹಿಂದಕ್ಕೆ ಬಿಡುವಾಗ ಯಾರಾದರೂ ಬಾಡಿ ತಟ್ಟಿ ಸೂಚನೆ ಕೊಡುವ ಪದ್ಧತಿ ತಪ್ಪಿಸಬೇಕೆಂದು ಆ ಕ್ಯಾಮರಾ ಬೇಡಿದವರೇ ಅವರು. ಹಳೇ ಡ್ರೈವರ್‌ಗೆ ಇವೆಲ್ಲ ಹಿಡಿಸಲ್ಲ ಎಂದು ಷರಾ ಬರೆದವನು ನಾನು.

ಉಮೇಶ್ ಕರೆಯುತ್ತಿದ್ದಾರೆ ಎಂದೆ. ಕೆಂಪಯ್ಯ ಬೇಡ ಎಂದು ತಲೆಯಾಡಿಸಿದರು. ರಿವರ್ಸ್ ಎಂದು ನೆನೆಸಿಕೊಂಡರೇ ಕೈ ನಡುಗುತ್ತದಂತೆ. ಕಣ್ಣಿನದು ಇವತ್ತು ಗೊತ್ತಾಯಿತು, ಆದರೆ ಕೈಗೆ ಅದನ್ನು ತಿಳಿಸಿ ಹೇಳುವವರು ಯಾರು ಎಂದರು.

ಜಯಮ್ಮ ಮೊರ ಪಕ್ಕಕ್ಕಿಟ್ಟರು.

"ನಾನ್ ಕೂತ್ರೆ ಹೋಯ್ತದೆ ಅಂತ ಇವ್ರು ಬಂದು ಹೇಳಿದ್ರಲ್ವಾ?"

"ಹೇಳಿದ್ರು ಅಕ್ಕ."

"ಮತ್ತೆ ಇವ್ರನ್ನ ಕೂರ್ಸಿ ನೋಡ್ಬೇಕು ಅಂತ ನಿಮಗೆ ಅನ್ನಿಸ್ಲಿಲ್ವಾ?"

ನನಗೆ ಅನ್ನಿಸಿಯೇ ಇರಲಿಲ್ಲ. ಕೆಂಪಯ್ಯನವರನ್ನು ಸೀಟಿನಲ್ಲಿ ಕೂರಿಸಿ ನಾನು ಪಕ್ಕದಲ್ಲಿ ನಿಂತಿದ್ದರೆ ಎರಡು ನಿಮಿಷದ ಕೆಲಸ. ಐಟಿಐ, ಇಪ್ಪತ್ತಾರು ವರ್ಷದ ಅನುಭವ, ಮೀಟರ್, ಇವು ಯಾವುದೂ ಬೇಕಿರಲಿಲ್ಲ.

ಈಗ ನನ್ನ ಗ್ಯಾರೇಜಿಗೆ ದೂರು ತಂದವರನ್ನೇ ಮೊದಲು ಸೀಟಿಗೆ ಹತ್ತಿಸುತ್ತೇನೆ. ನೀವು ದಿನಾ ಓಡಿಸುವ ಹಾಗೇ ಓಡಿಸಿ ಎಂದು ಹೇಳಿ ಪಕ್ಕದಲ್ಲಿ ಕೂತು ನೋಡುತ್ತೇನೆ. ಹತ್ತರಲ್ಲಿ ಒಂಬತ್ತು ಸಲ ದೋಷ ಅಲ್ಲೇ ಸಿಗುತ್ತದೆ. ಮೇಸ್ತ್ರಿ ಬಹಳ ತಾಳ್ಮೆಯವರು ಎಂದು ಗಿರಾಕಿಗಳು ಹೊಗಳುತ್ತಾರೆ. ಹಾಗೆ ಹೊಗಳಿದಾಗಲೆಲ್ಲ ನಾನು ಬೇರೆ ಕಡೆ ತಿರುಗುತ್ತೇನೆ. ಕೆಂಪಯ್ಯ ಇವತ್ತಿಗೂ ಗಾಡಿ ಮುಟ್ಟಿಲ್ಲ.