ನಡುಗೋಡೆಯ ಮೇಲಿನ ಮಣ್ಣು

ಮಾಳಿಗೆಗೆ ಮೆತ್ತುವ ಸೌಳು ಮಣ್ಣಿಗೆ ನೀರು ಬಿದ್ದರೆ ಏಳುವ ವಾಸನೆ ಹೊಲದ ಮಣ್ಣಿನದರಂತಲ್ಲ. ಹೊಲದ ಮಣ್ಣು ಮೊದಲ ಮಳೆಗೆ ಘಮ್ಮೆನ್ನುತ್ತದೆ, ಎಲ್ಲರೂ ಮೂಗೆತ್ತಿ ಹೊಗಳುತ್ತಾರೆ. ಸೌಳಿನದನ್ನು ಹೊಗಳಿದವರನ್ನು ನಾನು ಕಾಣೆ. ಉಪ್ಪು, ಹಳೆಯ ಹೊಟ್ಟು, ತುಸು ಗಂಜಲ ಕೂಡಿದಂಥ ಒಗರು ವಾಸನೆ ಅದು, ಬಂದು ಗಂಟಲಲ್ಲಿ ಕೂರುತ್ತದೆ. ಹೋದ ತಿಂಗಳು ಹಡಗಲಿಯಲ್ಲಿ ರಸ್ತೆ ಅಗಲ ಮಾಡಲು ಹಳೆಯ ಮಾಳಿಗೆ ಮನೆಯೊಂದನ್ನು ಕೆಡವುತ್ತಿದ್ದರು. ಧೂಳೇಳಬಾರದೆಂದು ಯಾರೋ ಪೈಪು ಹಿಡಿದು ನೀರು ಬಿಡುತ್ತಿದ್ದರು. ಔಷಧಿ ಅಂಗಡಿಗೆ ಹೊರಟಿದ್ದ ನಾನು ಅಲ್ಲೇ ನಿಂತುಬಿಟ್ಟೆ. "ಅಮ್ಮಾ, ಅತ್ತಾಗ ಸರೀರಿ, ಕಲ್ಲು ಬೀಳ್ತಾವ" ಎಂದು ಕೆಲಸದವನೊಬ್ಬ ಗದರಿದ. ಸರಿದೆ, ಆದರೆ ಹೋಗಲಿಲ್ಲ. ಮಣ್ಣಿನ ಮಾಳಿಗೆಯ ಕೆಳಗೆ ಮಲಗಿ ಬೆಳೆದವರು ನಿಮ್ಮಲ್ಲಿದ್ದರೆ ಯಾಕೆ ನಿಂತೆ ಎಂದು ಕೇಳಲಾರಿರಿ. ನಿಮಗೆ ನಿಮ್ಮ ಮನೆ ನೆನಪಾದೀತು. ನನಗೆ ಮನೆಯ ಜೊತೆಗೆ ನಾನಾಡಿದ ಒಂದು ಮಾತೂ ನೆನಪಾಗುತ್ತದೆ.

ನಮ್ಮೂರು ಹಿರೇಹಡಗಲಿಯ ಆಚೆ. ಊರಂಚಿಗೆ ಎರಡು ಮನೆ, ಎರಡಕ್ಕೂ ಸೇರಿ ಮಣ್ಣಿನ ಒಂದೇ ಚಪ್ಪಟೆ ಮಾಳಿಗೆ. ಯಾವ ಕಾಲದಲ್ಲೋ ಅಣ್ಣತಮ್ಮಂದಿರು ಕಟ್ಟಿಸಿದ್ದಂತೆ. ನಮ್ಮ ಕಾಲಕ್ಕೆ ಒಂದರಲ್ಲಿ ಅಪ್ಪ, ಅವ್ವ, ನಾನು. ಇನ್ನೊಂದರಲ್ಲಿ ಕೊಟ್ರಪ್ಪ ಕಾಕಾ ಮತ್ತು ಅವನ ಹೆಂಡತಿ ನೀಲಮ್ಮ ಚಿಗವ್ವ. ರಕ್ತಸಂಬಂಧ ಏನೂ ಇರಲಿಲ್ಲ, ಕರೆದು ಕರೆದು ಆದ ಸಂಬಂಧ. ನಡುವೆ ಎರಡು ಮೊಳ ದಪ್ಪದ ಮಣ್ಣಿನ ಗೋಡೆಯೊಂದಿತ್ತು, ಅದಕ್ಕೆ ನಡುಗೋಡೆ ಅನ್ನುತ್ತಿದ್ದೆವು. ಅಡಿಗೆಮನೆಯ ಹತ್ತಿರ ಅದರಲ್ಲೊಂದು ಕಿಂಡಿ, ಒಂದು ಚರಿಗೆ ದಾಟುವಷ್ಟು. ಒಲೆಗೆ ಕೆಂಡ, ಹಾಲಿಗೆ ಹೆಪ್ಪು, ಒಂದು ಹಿಡಿ ಉಪ್ಪು, ಊರ ಸುದ್ದಿ ಎಲ್ಲವೂ ಅದರಲ್ಲೇ ಓಡಾಡುತ್ತಿದ್ದವು. ಚಿಗವ್ವನಿಗೆ ಮಕ್ಕಳಿರಲಿಲ್ಲ. ಗಿಡ್ಡ ಹೆಂಗಸು, ಒಡಕು ದನಿ, ಎಲೆಯಡಿಕೆ ಹಾಕಿ ಹಾಕಿ ಕೆಂಪಾದ ಹಲ್ಲು. ನನ್ನ ತಲೆ ಬಾಚುವುದು ಅವಳ ಕೆಲಸವೆಂದು ಅವಳೇ ತೀರ್ಮಾನ ಮಾಡಿಕೊಂಡಿದ್ದಳು. "ನಿಮ್ಮವ್ವ ಹಡದಾಳ ಅಷ್ಟ. ಈ ಜಡಿ ಬೆಳೆಸಿದಾಕಿ ನಾನು" ಎಂದು ಅವ್ವನಿಗೆ ಕೇಳುವಂತೆ ಹೇಳುವಳು. ಕಿಂಡಿಯ ಆಚೆಯಿಂದ ಅವ್ವ, "ಹಂಗಾರ ಹೇನೂ ನೀನ ಬೆಳೆಸಿದಾಕಿ" ಅನ್ನುವಳು. ನಾನು ಬೀದಿ ಬಾಗಿಲಿನಿಂದ ಅವರ ಮನೆಗೆ ಹೋದದ್ದು ಕಡಿಮೆ. ನಮ್ಮ ಏಣಿ ಹತ್ತಿ, ಮಾಳಿಗೆಯ ಮೇಲೆ ಓಡಿ, ಅವರ ಏಣಿ ಇಳಿಯುತ್ತಿದ್ದೆ.

ಶಿವರಾತ್ರಿ ಕಳೆದು ಜೋಳದ ರಾಶಿ ಮುಗಿದ ಮೇಲೆ ಯುಗಾದಿಯ ತನಕ ಎರಡೂ ಮನೆಯವರಿಗೆ ಕೂತು ಉಣ್ಣಲು ಪುರುಸೊತ್ತಿರುತ್ತಿರಲಿಲ್ಲ. ಬೇವು ಹೂಬಿಟ್ಟು ಅಂಗಳವೆಲ್ಲ ಸಣ್ಣ ಬಿಳಿ ಹೂವು ಚೆಲ್ಲಿರುತ್ತಿತ್ತು. ಹುಣಸೆಹಣ್ಣು ಬಡಿದು, ಕುಟ್ಟಿ, ಬೀಜ ತೆಗೆಯಬೇಕು; ಶಾವಿಗೆ ಹೊಸೆದು ಕೋಲಿಗೆ ಹಾಕಬೇಕು; ಮೆಣಸಿನಕಾಯಿ ಒಣಗಿಸಬೇಕು; ಒಲೆ ಒಡೆದು ಹೊಸದಾಗಿ ಹಾಕಬೇಕು. ಎಲ್ಲಕ್ಕಿಂತ ದೊಡ್ಡದು ಮಾಳಿಗೆಗೆ ಮಣ್ಣು ಹಾಕುವ ಕೆಲಸ. ಹಳ್ಳದ ಆಚೆಯ ಬಂಜರಿನಿಂದ ಬಂಡಿಗಟ್ಟಲೆ ಸೌಳು ಮಣ್ಣು ತಂದು, ಹೊಟ್ಟು ಕಲಸಿ ನೆನೆಹಾಕಿ, ಬುಟ್ಟಿಯಲ್ಲಿ ಹೊತ್ತು ಹಾಕಿ ಅಂಗೈ ದಪ್ಪ ಮೆತ್ತಬೇಕು. ಸೌಳು ನೀರನ್ನು ಕುಡಿಯುವುದಿಲ್ಲ, ಅದರ ಮೇಲೆ ಹುಲ್ಲು ಹುಟ್ಟುವುದಿಲ್ಲ; ಆದರೆ ಒಂದು ಮಳೆಗಾಲಕ್ಕೆ ಅದರ ಉಪ್ಪು ತೊಳೆದುಹೋಗುವುದರಿಂದ ವರ್ಷ ವರ್ಷ ಹೊಸದು ಹಾಕಬೇಕು. ನಮ್ಮ ಮನೆಗೊಂದೇ ಎತ್ತು, ಕಾಕಾನ ಮನೆಗೊಂದೇ ಎತ್ತು. ಎರಡನ್ನೂ ಜೋಡಿ ಮಾಡಿ ಒಂದೇ ಬಂಡಿಗೆ ಹೂಡುತ್ತಿದ್ದರು. ಮೆತ್ತುವ ದಿನ ಅಪ್ಪ ಆ ತುದಿಯಿಂದ, ಕಾಕಾ ಈ ತುದಿಯಿಂದ ಶುರುಮಾಡಿ, ಮಧ್ಯಾಹ್ನದ ಹೊತ್ತಿಗೆ ನಡುಗೋಡೆಯ ಮೇಲೆ ಬಂದು ಕೂಡುತ್ತಿದ್ದರು. "ನೀ ನಿಧಾನ", "ನೀ ಕಳ್ಳಗೆಲಸದಾವ" ಎಂದು ಒಬ್ಬರನ್ನೊಬ್ಬರು ಛೇಡಿಸುತ್ತ, ಕೂಡುವ ಜಾಗವನ್ನು ಇಬ್ಬರೂ ಕಾಲಲ್ಲಿ ತುಳಿದು ಗಟ್ಟಿ ಮಾಡುತ್ತಿದ್ದರು. ಆಮೇಲೆ ಅಲ್ಲೇ ಕೂತು ರೊಟ್ಟಿ, ಮುಳಗಾಯಿ ಪಲ್ಯ, ಶೇಂಗಾ ಚಟ್ನಿ. ಅಷ್ಟು ರುಚಿಯಾದ ಊಟವನ್ನು ನಾನು ಮತ್ತೆ ಉಂಡಿಲ್ಲ.

ನನಗೆ ಹತ್ತು ವರ್ಷವಾದ ಆ ವರ್ಷ ಮಣ್ಣು ತರಲು ಅಪ್ಪನೊಬ್ಬನೇ ಹೋಗಿದ್ದ. ಎರಡು ಸಲದ ಮಣ್ಣನ್ನು ಒಂದೇ ಸಲ ಹೇರಿದ. ಅಪ್ಪನ ಅವಸರ ಊರಿಗೇ ಗೊತ್ತಿತ್ತು. ಹಳ್ಳದ ಮರಳಿನಲ್ಲಿ ಗಾಲಿ ಹೂತು, ಕಾಕಾನ ಎತ್ತು ಮಂಡಿಯೂರಿ ಬಿತ್ತು. ಎದ್ದಿತು ನಿಜ, ಮುಂಗಾಲು ಮಾತ್ರ ನೆಟ್ಟಗಾಗಲಿಲ್ಲ. ಕಾಕಾ ಅಂಗಳದಲ್ಲಿ ಎತ್ತಿನ ಕಾಲು ಸವರುತ್ತ ಬಹಳ ಹೊತ್ತು ಕೂತಿದ್ದ. ಆಮೇಲೆ ತಲೆಯೆತ್ತದೆ, "ನಿಂದು ನಿಂತೈತಿ, ನಂದು ಬಿದ್ದೈತಿ. ಭಾರ ಯಾವ ಕಡಿ ಹಾಕಿದ್ದಿ ಅಂಬೋದು ನನಗ ತಿಳೀತು ಬಿಡು" ಅಂದ. ಅಪ್ಪ ಬೇಕೆಂದು ಹಾಗೆ ಮಾಡಿದವನಲ್ಲ. ತಪ್ಪಾಯಿತು ಅಂದಿದ್ದರೆ ಮುಗಿಯುತ್ತಿತ್ತು. "ಇಷ್ಟು ವರ್ಷದಾಗ ನನ್ನ ಇಷ್ಟ ತಿಳಕೊಂಡಿದ್ದೇನು? ಹಂಗಾರ ನಿನ್ನ ದಾರಿ ನಿನಗ, ನನ್ನ ದಾರಿ ನನಗ" ಎಂದು ಒಳಗೆ ಹೋಗಿಬಿಟ್ಟ. ಗಂಡಸರಿಗೆ ಮಾತು ಬಿಡಲು ಒಂದು ಗಳಿಗೆ ಸಾಕು, ಮತ್ತೆ ಆಡಲು ಯಾರಾದರೂ ಸಾಯಬೇಕು. ಮರುದಿನ ಕಾಕಾ ಕಿಂಡಿಗೆ ಗೋಣಿತಾಟು ತುರುಕಿದ. ಹೆಂಗಸರಿಬ್ಬರೂ ಅವನು ಹೊಲಕ್ಕೆ ಹೋದ ಮೇಲೆ ಅದನ್ನು ಕಿತ್ತು, ಬರುವ ಹೊತ್ತಿಗೆ ಮತ್ತೆ ತುರುಕುತ್ತಿದ್ದರು.

ಮಾಳಿಗೆಗೆ ಆ ವರ್ಷ ಬೇರೆ ಬೇರೆ ದಿನ ಮಣ್ಣು ಬಿತ್ತು. ಅಪ್ಪ ತನ್ನ ಕಡೆಯಿಂದ ಮೆತ್ತುತ್ತ ಬಂದು ನಡುಗೋಡೆಯ ಈ ಅಂಚಿಗೆ ನಿಂತ. ನಾಲ್ಕು ದಿನ ಬಿಟ್ಟು ಕಾಕಾ ಮೆತ್ತುತ್ತ ಬಂದು ಆ ಅಂಚಿಗೆ ನಿಂತ. ನಡುವೆ ಗೋಡೆಯುದ್ದಕ್ಕೂ ಎರಡು ಮೊಳ ಅಗಲದ ಪಟ್ಟಿ ಹಾಗೇ ಉಳಿಯಿತು, ಹಳೇ ಮಣ್ಣು ಬಿರುಕುಬಿಟ್ಟು. "ಅಪ್ಪಾ, ನಡುವ ಬಿಟ್ಟೈತಿ" ಅಂದೆ. "ಅದು ಅವರದು." ಏಣಿ ಇಳಿದು ಕಾಕಾನಿಗೂ ಹೇಳಿದೆ. "ಅದು ನಿಮ್ಮಪ್ಪಂದವ್ವಾ" ಅಂದ, ಪ್ರೀತಿಯಿಂದಲೇ. ಮೊದಲು ಯಾರು ಅಲ್ಲಿಗೆ ಬುಟ್ಟಿ ಸುರಿದರೂ ಅವರು ಸೋತಂತೆ. ಊರಿನವರೂ ನಕ್ಕರು, ಯಾರೂ ನಡುವೆ ಬರಲಿಲ್ಲ.

ಯುಗಾದಿಯ ಮುಂಚೆ ಒಂದು ಮಧ್ಯಾಹ್ನ ನಾನು ಜೋಳ ತುಂಬಿಡುವ ಹಗೇವಿನ ಪಕ್ಕದ ತಂಪಿನಲ್ಲಿ ಮಲಗಿದ್ದೆ. ನಿದ್ದೆ ಹೋಗಿದ್ದಾಳೆ ಅಂದುಕೊಂಡು ಅವ್ವ ಮತ್ತು ಚಿಗವ್ವ ಕಿಂಡಿಯಲ್ಲಿ ಮಾತಾಡಿದರು. ನಾಳೆ ಅಪ್ಪ ಹಡಗಲಿಗೆ ಹೋಗುತ್ತಾನೆ, ಕಾಕಾ ಹೊಲದಲ್ಲಿರುತ್ತಾನೆ. ಇವತ್ತೇ ಹಿತ್ತಲಲ್ಲಿ ಮಣ್ಣು ಕಲಸಿಡುವುದು, ನಾಳೆ ಇಬ್ಬರೂ ಹತ್ತಿ ಆ ಪಟ್ಟಿ ಮುಚ್ಚಿಬಿಡುವುದು. "ಯಾರ ಹಾಕಿದ್ರು ಅಂದ್ರ?" ಅಂದಳು ಅವ್ವ. "ಗುಬ್ಬಿ ಹಾಕಿದ್ವು ಅನ್ನೂಣು" ಅಂದಳು ಚಿಗವ್ವ. ಇಬ್ಬರೂ ಸೆರಗು ಬಾಯಿಗಿಟ್ಟು ನಕ್ಕರು. ಜಗಳವಾದ ಮೇಲೆ ಆ ನಗು ಕೇಳಿದ್ದು ಅದೇ ಮೊದಲು. ನನಗೆ ಹೊಟ್ಟೆಯಲ್ಲಿ ಸಕ್ಕರೆ ಬಿದ್ದಷ್ಟು ಸಂತೋಷವಾಯಿತು.

ಸಂಜೆ ಅಪ್ಪ ಹಿತ್ತಲಿಗೆ ಕೈಕಾಲು ತೊಳೆಯಲು ಹೋದವನು ಕಲಸಿಟ್ಟ ಮಣ್ಣು ನೋಡಿದ. "ಇದ್ಯಾತಕ್ಕ?" ಅಂದ. "ಒಲಿಗೆ" ಅಂದಳು ಅವ್ವ. ಅಲ್ಲಿಗೆ ಮುಗಿಯುತ್ತಿತ್ತು. ನಾನು ಬಾಗಿಲಲ್ಲಿ ನಿಂತು, "ಒಲಿಗಲ್ಲಪ್ಪಾ, ನಡುಗ್ವಾಡಿ ಮ್ಯಾಲ ಹಾಕಾಕ. ನಾಳಿ ಚಿಗವ್ವನೂ ಬರ್ತಾಳ" ಅಂದೆ. ಅಪ್ಪನಿಗೂ ಸಂತೋಷವಾಗುತ್ತದೆ, ನಗುತ್ತಾನೆ ಎಂದೇ ಅಂದುಕೊಂಡಿದ್ದೆ. ಅಪ್ಪ ಬೈಯಲಿಲ್ಲ, ಬಡಿಯಲಿಲ್ಲ. ಆ ಮಣ್ಣನ್ನೆಲ್ಲ ಬುಟ್ಟಿಗೆ ತುಂಬಿ, ತಾನೇ ಹೊತ್ತು, ನಾಲ್ಕು ಸಲ ಹೋಗಿ ತಿಪ್ಪೆಗೆ ಸುರಿದು ಬಂದ. "ಕದ್ದು ಮಾಡೋ ಗತಿ ನಮಗ ಬಂದಿಲ್ಲ. ಅವ ಬಂದು ಕೇಳ್ಲಿ" ಎಂದು ಆಚೆ ಮನೆಗೆ ಕೇಳುವಂತೆ ಹೇಳಿದ. ಮರುದಿನ ಹಡಗಲಿಗೂ ಹೋಗಲಿಲ್ಲ, ಏಣಿಯ ಹತ್ತಿರ ಕಟ್ಟೆಯ ಮೇಲೆ ಕೂತಿದ್ದ. ಅವ್ವ ನನ್ನನ್ನು ಒಳಗೆ ಎಳೆದುಕೊಂಡು, "ಮಾತಾಡಿದ್ರ ಹೋತು, ಮುತ್ತ ಒಡದ್ರ ಹೋತು" ಅಂದಳು, ಅಷ್ಟೇ. ಹೇಳಿದ್ದು ನಾನೆಂದು ಅವಳು ಚಿಗವ್ವನಿಗೂ ತಿಳಿಸಲಿಲ್ಲ. ಮಗಳನ್ನು ಕಾಯ್ದಳು. ಚಿಗವ್ವ ಎಂದಿನಂತೆ ನನ್ನ ತಲೆ ಬಾಚಿದಳು, ಬೆಲ್ಲ ಕೊಟ್ಟಳು. ಆದರೆ ಆ ದಿನದಿಂದ ಅವಳು ಕಾಕಾನಿಗೆ ಊಟ ಬಡಿಸಿ, ಮಾತಾಡದೆ ಎದ್ದು ಹೋಗುವುದನ್ನು ಕಂಡೆ. ಎತ್ತಿನ ಚಿಂತೆ ಇರಬೇಕು ಅಂದುಕೊಂಡೆ.

ಮುಂಗಾರು ತೆಳ್ಳಗೆ ಹೋಯಿತು. ಮೇಲೆ ಎರಡು ಕಡೆ ಬೆಳ್ಳಗಿನ ಸೌಳು, ನಡುವೆ ಆ ಪಟ್ಟಿಯಲ್ಲಿ ಮಾತ್ರ ಸಾಲಾಗಿ ಹಸಿರು ಹುಲ್ಲು. ನನಗದು ಚೆಂದ ಕಂಡಿತ್ತು, ಕೂತು ಸವರುತ್ತಿದ್ದೆ. ಹುಲ್ಲಿನ ಬೇರು ಗೋಡೆಯೊಳಗೆ ನೀರಿಗೆ ದಾರಿ ಮಾಡುತ್ತಿತ್ತು ಎಂದು ಹೇಳುವವರು ಯಾರಿದ್ದರು? ಉತ್ತರೆ ಮಳೆಗೆ ಜಡಿ ಹಿಡಿಯಿತು, ಐದು ದಿನ ಬಿಡಲಿಲ್ಲ. ನಡುಗೋಡೆ ಮೇಲಿನಿಂದ ಕಪ್ಪಾಗುತ್ತ ಬಂತು. ಅಪ್ಪ ಅದನ್ನು ಮುಟ್ಟಿ ನೋಡಿ, "ಜಡಿ ಬಿಡ್ಲಿ, ನೋಡೂಣು" ಅಂದ. ಬಹುಶಃ ಆ ಕಡೆಯಿಂದ ಕಾಕಾನೂ ಹಾಗೇ ಅಂದಿರಬೇಕು. ಆರನೆಯ ದಿನ ಬಿಸಿಲು ಬಿತ್ತು. ನೆನೆದ ಗೋಡೆ ಮಳೆಯಲ್ಲಿ ನಿಲ್ಲುತ್ತದೆ, ಬಿಸಿಲಿಗೆ ಬೀಳುತ್ತದೆ ಎಂದು ಹಿರಿಯರು ಹೇಳುತ್ತಾರೆ. ಊರಿಗೆ ಊರೇ ಕೌದಿ ಒಣಹಾಕುತ್ತಿತ್ತು. ಕಾಕಾ ಬೆಳೆ ನೋಡಲು ಹೊಲಕ್ಕೆ ಹೋಗಿದ್ದ. ಚಿಗವ್ವ ಕಿಂಡಿಯ ತಾಟು ಕಿತ್ತು, "ಅಕ್ಕಾ, ಹೆಪ್ಪು ಐತೇನು?" ಅಂದಳಂತೆ. ಅವ್ವ ಮೊಸರಿನ ಗಡಿಗೆಯತ್ತ ತಿರುಗಿದ್ದಾಳೆ. ದೊಡ್ಡ ಸದ್ದೇನೂ ಆಗಲಿಲ್ಲ, ಹೊಟ್ಟಿನ ಚೀಲ ಇಳಿಸಿದಂತೆ ಧೊಪ್ಪೆಂದಿತು. ನಾನು ಹೊರಗಿನಿಂದ ಓಡಿ ಬಂದಾಗ ನಮ್ಮ ಕತ್ತಲೆಯ ಅಡಿಗೆಮನೆ ಬಿಸಿಲಿನಿಂದ ತುಂಬಿಹೋಗಿತ್ತು. ಅವ್ವ ಸೌಟು ಹಿಡಿದು ನಿಂತೇ ಇದ್ದಳು. ಗೋಡೆ ಮೇಲಿನ ಮಾಳಿಗೆಯನ್ನೂ ಎಳೆದುಕೊಂಡು ಆ ಕಡೆಗೆ ಬಿದ್ದಿತ್ತು.

ಅಪ್ಪ ಬರಿಗೈಯಲ್ಲಿ ತೋಡಲು ಶುರುಮಾಡಿದ್ದ. ಕಾಕಾನೂ ಓಡಿಬಂದ. ಯಾರೋ ಗುದ್ದಲಿ ತಂದರೆ, "ಗುದ್ದಲಿ ಬ್ಯಾಡ, ಅಕಿಗೆ ಹತ್ತೀತು" ಎಂದು ಕಾಕಾ ಅದನ್ನು ಕಿತ್ತು ಎಸೆದ. ಆರು ತಿಂಗಳು ಒಬ್ಬರ ಮುಖ ಒಬ್ಬರು ನೋಡದಿದ್ದ ಇಬ್ಬರೂ ಹೆಗಲಿಗೆ ಹೆಗಲು ತಾಗಿಸಿ ಕೂತು, ಉಗುರು ಕಿತ್ತುಹೋಗುವಂತೆ ತೋಡಿದರು. ಚಿಗವ್ವ ಸಿಕ್ಕಾಗ ಜೀವವಿರಲಿಲ್ಲ. ಊರು ಜಡಿಯನ್ನು ಬೈಯಿತು, ಹಣೆಬರಹ ಅಂದಿತು. ದಿನಕರ್ಮ ಮುಗಿದ ಮೇಲೆ ಕಾಕಾ ಹರಪನಹಳ್ಳಿ ಕಡೆಯ ತನ್ನ ತಂಗಿಯ ಊರಿಗೆ ಹೋಗಿಬಿಟ್ಟ. ಅಪ್ಪ ಮತ್ತೆಂದೂ ಮಾಳಿಗೆ ಹತ್ತಲಿಲ್ಲ. ಮನೆಯೊಳಗೆ ನಾವು ಮೂವರೂ ಒಬ್ಬರಿಗೊಬ್ಬರು ಏನೂ ಕೇಳದೆ ಬದುಕಿದೆವು. ಅವ್ವ ನನ್ನನ್ನು ಒಮ್ಮೆಯಾದರೂ ಬಾಯ್ತುಂಬ ಬೈದಿದ್ದರೆ ಒಳ್ಳೆಯದಿತ್ತು.

ಎಂಬತ್ತರ ದಶಕದಲ್ಲಿ ನಾನು ಕಾಲೇಜಿಗೆ ಹೋಗುವಾಗ, ಹಗರಿಬೊಮ್ಮನಹಳ್ಳಿಯ ಬಸ್‌ಸ್ಟ್ಯಾಂಡಿನಲ್ಲಿ ಮುದುಕನೊಬ್ಬ ನನ್ನ ಜಡೆಯನ್ನೇ ನೋಡುತ್ತ ನಿಂತಿದ್ದ. ಕಾಕಾ. ಗುರುತು ಸಿಗಲಾರದಷ್ಟು ಇಳಿದುಹೋಗಿದ್ದ. ಅಪ್ಪ ಹೇಗಿದ್ದಾನೆ, ಅವ್ವ ಹೇಗಿದ್ದಾಳೆ ಎಂದೆಲ್ಲ ಕೇಳಿದ. ನನ್ನ ಬಸ್ಸು ಬಂದು ನಿಂತಾಗ ಕೈ ಹಿಡಿದುಕೊಂಡ.

"ಒಂದ್ ಮಾತ ಕೇಳ್ತೀನಿ. ಆ ಮಣ್ಣಿನ ವಿಚಾರ ನಿಮ್ಮ ಚಿಗವ್ವ ನನಗ ಮೊದಲ ಹೇಳಿದ್ಳು. ನಾ ಹೂಂ ಅಂದಿದ್ದೆ. ಹಾಕ್ರಿ, ನಾ ನೋಡಿಲ್ಲ ಅಂತೀನಿ ಅಂದಿದ್ದೆ. ಅದು ನಿಮ್ಮಪ್ಪಗ ತಿಳದು ಕೆಟ್ಟೋತು. ನಾನ ಯಾರ ಕೈಲರ ಹೇಳಿಸಿ ಕೆಡಿಸಿದೆ ಅಂತ ಅಕಿ ನಂಬಿದ್ಳು. ದೇವರ ಮುಟ್ಟಿ ಆಣಿ ಮಾಡಿದೆ, ಕೇಳಲಿಲ್ಲ. ಸಾಯೋತನಕ ನನ್ನ ಕೂಡ ಮಾತಾಡಲಿಲ್ಲ. ಯಾರ ಹೇಳಿರಬೇಕವ್ವಾ? ನಿನಗೇನರ ಗೊತ್ತೈತೇನು?"

ಕಂಡಕ್ಟರ್ ಸೀಟಿ ಊದಿದ. ನನಗೆ ಆಗ ಹತ್ತೊಂಬತ್ತು ವರ್ಷ, ಹತ್ತರ ಹುಡುಗಿಯಲ್ಲ.

"ಇಲ್ಲ ಕಾಕಾ, ಗೊತ್ತಿಲ್ಲ" ಅಂದೆ.

"ಹೌದಲ್ಲ, ನೀನಾಗ ಕೂಸು" ಎಂದು, ನನ್ನ ಚೀಲವನ್ನೆತ್ತಿ ಬಸ್ಸಿನೊಳಗೆ ಇಟ್ಟುಕೊಟ್ಟ.