ನಾಲಿಗೆ ಹಿಡಿದ ಹಲ್ಲು

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಊಟದ ಹೊತ್ತಿಗೆ ಎಲುಬು ಎಂಬ ಮಾತನ್ನು ಯಾರೂ ಆಡುವ ಹಾಗಿರಲಿಲ್ಲ. ಶ್ರಾವಣ ಬಂತೆಂದರೆ ಯಾವ ಹೊತ್ತಿನಲ್ಲೂ ಆಡುವ ಹಾಗಿರಲಿಲ್ಲ. ಅಂಥ ಮನೆಗೆ ನಾನು ಶ್ರಾವಣ ಸೋಮವಾರದ ದಿನವೇ ಹಳ್ಳದಿಂದ ಎಲುಬು ತಂದೆ. ತಂದದ್ದು ಸಾಲದು ಎಂಬಂತೆ, ಅದನ್ನು ನಾಲಿಗೆಗೆ ಹಚ್ಚಿ ನೋಡಿದೆ ಎಂದೂ ಹೇಳಿದೆ.

ಕತೆಗೆ ಮೊದಲು ಒಂದು ಮಾತು. ನನಗಿನ್ನೂ ನಲವತ್ತು ತುಂಬಿಲ್ಲ, ಆದರೂ ನಾನು ಅಜ್ಜಿ. ನಮ್ಮ ಮನೆಯಲ್ಲಿ ಅಕ್ಕ ಹಿರಿಯಳು, ನಾನು ಕಡೆಯವಳು. ನಾನು ಹುಟ್ಟುವ ಹೊತ್ತಿಗೆ ಅಕ್ಕನ ಮಗ ಅಂಬೆಗಾಲಿಡುತ್ತಿದ್ದ. ಅವನು ನನಗಿಂತ ದೊಡ್ಡವನು, ನಾನು ಅವನ ಚಿಕ್ಕವ್ವ. ಅವನ ಮಕ್ಕಳಾದ ನೀವು ಅಕ್ಕನನ್ನು ದೊಡ್ಡಜ್ಜಿ ಎನ್ನುತ್ತೀರಿ, ನನ್ನನ್ನು ಸಣ್ಣಜ್ಜಿ ಎನ್ನುತ್ತೀರಿ. ಕೇಳಿದವರು ನಗುತ್ತಾರೆ, ನಗಲಿ. ತಲೆ ನರೆಯದೆ ಅಜ್ಜಿಯಾಗಬಾರದು ಎಂದು ಯಾವ ಕಾಯಿದೆಯಲ್ಲೂ ಬರೆದಿಲ್ಲ.

ಆಗ ನನಗೆ ಹತ್ತು ವರ್ಷ. ಕೊಪ್ಪಳ ರಾಯಚೂರಿನಿಂದ ಬೇರೆಯಾಗಿ ತಾನೇ ಜಿಲ್ಲೆಯಾದ ವರ್ಷ ಅದು. ನಮ್ಮೂರು ಕಿನ್ನಾಳದ ಆಚೆ, ಹಿರೇಹಳ್ಳದ ದಂಡೆಗೆ. ಹಳ್ಳದಲ್ಲಿ ಆಗ ಕಾಲಿಟ್ಟರೆ ಮೀನಖಂಡ ಮುಳುಗುವಷ್ಟು ಮರಳಿತ್ತು. ದಂಡೆ ಕುಸಿದಲ್ಲಿ ಮರಳಿನ ಕೆಳಗೆ ಗಟ್ಟಿಯಾದ ಗರಸಿನ ಪದರು ಕಾಣುತ್ತಿತ್ತು. ಸುಣ್ಣಕಲ್ಲು, ಬೆಣಚುಕಲ್ಲು, ಕೆಂಪು ಹರಳು ಎಲ್ಲ ಒಂದಕ್ಕೊಂದು ಅಂಟಿಕೊಂಡು, ಶೇಂಗಾ ಉಂಡಿಯನ್ನು ಮುರಿದಿಟ್ಟ ಹಾಗಿರುತ್ತಿತ್ತು.

ಆ ಬೇಸಿಗೆಯಲ್ಲಿ ಯಾವುದೋ ದೂರದ ಕಾಲೇಜಿನ ಮಾಸ್ತರರೊಬ್ಬರು ಜೀಪಿನಲ್ಲಿ ಬಂದು ಆ ಗರಸಿನ ಮುಂದೆ ದಿನವಿಡೀ ಕುಕ್ಕರಗಾಲಲ್ಲಿ ಕೂತಿದ್ದರು. ಒಂದೊಂದು ಚೂರನ್ನೂ ಕಿತ್ತು, ಒರೆಸಿ, ನಾಲಿಗೆಯ ತುದಿಗೆ ಹಚ್ಚಿ ಬಿಸಾಡುತ್ತಿದ್ದರು. ಊರ ಹುಡುಗರು ಅವರಿಗೆ ಕಲ್ಲು ನೆಕ್ಕೋ ಮಾಸ್ತರ್ ಎಂದು ಹೆಸರಿಟ್ಟು, ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ, ಆದರೆ ಹತ್ತಿರ ಹೋಗಿ ಯಾಕೆ ಎಂದು ಕೇಳಿದವಳೂ ನಾನೇ.

“ಕಲ್ಲಾದರ ಜಾರತೈತಿ. ಎಲುಬಾದರ ನಾಲಿಗಿ ಹಿಡೀತೈತಿ,” ಎಂದರು ಅವರು. “ಎಷ್ಟ ಹಳೇದಾಗಿ ಕಲ್ಲಿನಂಗ ಆಗಿದ್ರೂ ಎಲುಬಿನೊಳಗ ಸಣ್ಣ ಸಣ್ಣ ತೂತು ಇರ್ತಾವ. ಅವು ನಾಲಿಗಿ ಪಸೆ ಹೀರತಾವ.” ಅವರಿಗೆ ಅಂದು ಏನೂ ಸಿಗಲಿಲ್ಲ. ಸಂಜೆ ಜೀಪು ಹತ್ತಿ ಹೋದವರು ಮತ್ತೆ ಬರಲೂ ಇಲ್ಲ. ಅವರ ಮಾತು ಮಾತ್ರ ನನ್ನ ತಲೆಯಲ್ಲಿ ಕೂತುಬಿಟ್ಟಿತು.

ಪಂಚಮಿಗೆಂದು ತವರಿಗೆ ಬಂದ ಅಕ್ಕ ಇನ್ನೂ ಗಂಡನ ಮನೆಗೆ ಹೋಗಿರಲಿಲ್ಲ. ಆ ಸೋಮವಾರ ಮುಂಜಾನೆ ನಾವಿಬ್ಬರೂ ಅರಿವೆ ಒಗೆಯಲು ಹಳ್ಳಕ್ಕೆ ಹೋದೆವು. ಹಿಂದಿನ ವಾರ ಹಳ್ಳ ತುಂಬಿ ಬಂದು ಇಳಿದಿತ್ತು. ದಂಡೆಯ ಒಂದು ಮಗ್ಗುಲು ಹೊಸದಾಗಿ ಕುಸಿದು, ಹಸಿ ಮಣ್ಣಿನ ವಾಸನೆ ಮೂಗಿಗೆ ಅಡರುತ್ತಿತ್ತು. ಅಕ್ಕ ಅರಿವೆ ಬಡಿಯುತ್ತಿದ್ದಳು. ನಾನು ಹಿಂಡುವ ಕೆಲಸ ಬಿಟ್ಟು ಗರಸಿನ ಕಡೆ ನಡೆದೆ.

ಅಲ್ಲಿ ಕರಿಯ, ನುಣುಪಾದ ಒಂದು ಮೂಲೆ ಹೊರಗೆ ಚಾಚಿತ್ತು. ಸೆಗಣಿ ಹುಳದ ಬೆನ್ನಿನ ಹಾಗೆ ಮಿಂಚುತ್ತಿತ್ತು. ಚೂಪುಗಲ್ಲಿನಿಂದ ಸುತ್ತ ಕೆತ್ತಿದೆ, ಉಗುರು ಮುರಿಯಿತು, ಆದರೂ ಬಿಡಲಿಲ್ಲ. ಕೊನೆಗೆ ಅದು ಕಳಚಿ ಅಂಗೈಗೆ ಬಂದಾಗ ಅದರ ಭಾರಕ್ಕೆ ಕೈ ಕೆಳಗೆ ಹೋಯಿತು. ಉದ್ದನೆಯ ಹಲ್ಲು. ಮೇಲ್ಗಡೆ ಅರ್ಧಚಂದ್ರದಂಥ ಗೆರೆಗಳು. ಬುಡಕ್ಕೆ ದವಡೆಯ ಒಂದು ಚೂರು ಅಂಟಿಕೊಂಡಿತ್ತು. ಕಲ್ಲಿಗೆ ಬಡಿದರೆ ಪಿಂಗಾಣಿ ಬಸಿಯ ಹಾಗೆ ಟಣ್ ಎಂದಿತು. ನೀರಲ್ಲಿ ಚೆನ್ನಾಗಿ ತೊಳೆದು, ಲಂಗದ ಅಂಚಿನಲ್ಲಿ ಒರೆಸಿ ಬಿಸಿಲಿಗೆ ಹಿಡಿದೆ. ಒಣಗಿದ ಮೇಲೆ ದವಡೆಯ ಚೂರನ್ನು ನಾಲಿಗೆಗೆ ಹಚ್ಚಿದೆ.

ಹಿಡಿಯಿತು. ಚಿವುಟಿದ ಹಾಗೆ ಹಿಡಿಯಿತು. ಕೈ ಸಡಿಲಿಸಿದರೂ ನಾಲಿಗೆಯಿಂದ ಸುಲಭಕ್ಕೆ ಬಿಡಲಿಲ್ಲ. ಬಾಯಿತುಂಬ ಸುಣ್ಣದಂಥ ಒಣ ರುಚಿ. ನನಗಾದ ಸಂತೋಷ ಇಷ್ಟಿಷ್ಟಲ್ಲ. ಜೀಪಿನಲ್ಲಿ ಬಂದವರಿಗೂ ಸಿಗದೇ ಇದ್ದದ್ದು ನನಗೆ ಸಿಕ್ಕಿತ್ತು.

ಅಕ್ಕ ನೋಡಿಬಿಟ್ಟಿದ್ದಳು. ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ. ದಾರಿಯುದ್ದಕ್ಕೂ ತಲೆಯ ಮೇಲಿನ ಅರಿವೆಗಂಟಿನ ಕೆಳಗಿಂದ ಒಂದೇ ಮಾತು ಹೇಳಿದಳು. “ಮನ್ಯಾಗ ಕೇಳಿದರ ಕಲ್ಲು ಅನ್ನು. ಕಲ್ಲು ಅಂದರ ಯಾರೂ ಏನೂ ಅನ್ನೂದಿಲ್ಲ.”

ಅಪ್ಪನ ತಾಯಿಯನ್ನು ನಾವು ಅಮ್ಮ ಎನ್ನುತ್ತಿದ್ದೆವು, ಹೆತ್ತವಳು ಅವ್ವ. ಮನೆಯಲ್ಲಿ ಅಮ್ಮನ ಮಾತೇ ಮಾತು. ಅವಳು ಹೊಸ್ತಿಲಲ್ಲೇ ಕೂತಿದ್ದಳು. ನನ್ನ ಮುಷ್ಟಿ ನೋಡಿ ಏನದು ಎಂದಳು. ಎಲುಬು, ಎಂದೆ. ಹಲ್ಲಿಗೆ ಅಂಟಿದ ಎಲುಬು, ನಾಲಿಗೆಗೆ ಹಚ್ಚಿ ನೋಡೀನಿ, ಹಿಡೀತು, ಎಂದೆ.

ಅಮ್ಮ ಎದ್ದ ರಭಸಕ್ಕೆ ಪಕ್ಕದಲ್ಲಿದ್ದ ಮೊರ ಮಗುಚಿತು. ಯಾವ ಹೆಣದ ಎಲುಬೋ ಏನೋ, ಸುಟ್ಟು ಹಳ್ಳಕ್ಕೆ ಬಿಟ್ಟದ್ದನ್ನು ಬಾಯಿಗೆ ಇಟ್ಟಾಳ, ಅದೂ ಶ್ರಾವಣ ಸೋಮವಾರ ಎಂದು ಓಣಿಗೆಲ್ಲ ಕೇಳುವ ಹಾಗೆ ಒದರಿದಳು. ಅವ್ವ ಒಲೆಯ ಮುಂದಿನಿಂದ ಓಡಿ ಬಂದು, ನನ್ನ ಬಾಯಿಗೆ ನೀರು ಹಾಕಿ ಮುಕ್ಕಳಿಸಲು ಹೇಳಿ, ತಲೆಯ ಮೇಲೆ ಕೊಡ ಸುರಿದಳು. ಒದ್ದೆಮುದ್ದೆಯಾಗಿ ನಿಂತೆ, ಮುಷ್ಟಿ ಮಾತ್ರ ಬಿಚ್ಚಲಿಲ್ಲ.

“ಅತ್ತಿ, ಆಕಿ ಸಣ್ಣಾಕಿ, ತಿಳಿಲಾರದ ಅಂದಾಳ,” ಎಂದು ಅವ್ವ ನಡುವೆ ಬಾಯಿ ಹಾಕಿದಳು. ನನ್ನ ಕಡೆ ತಿರುಗಿ, “ಕಲ್ಲದು, ಹೌದಿಲ್ಲೋ? ಕಲ್ಲು ಅನ್ನು,” ಎಂದಳು.

ಅಮ್ಮನೂ ಸ್ವಲ್ಪ ಮೆತ್ತಗಾದಳು. ಅವಳಿಗೂ ಅದೇ ಬೇಕಾಗಿತ್ತು. “ಕಲ್ಲಿದ್ದರ ಒಳಗ ತಗೊಂಡು ಬಾ. ಎಲುಬಿದ್ದರ ಅದೂ ಹೊರಗ, ನೀನೂ ಹೊರಗ. ನಿಮ್ಮಪ್ಪ ಬಂದ ಮ್ಯಾಲೆ ಹಳ್ಳಕ್ಕ ಒಗದು ಬರ್ತಾನ.”

ಒಂದು ಮಾತು ಅಂದರೆ ಸಾಕಿತ್ತು. ಒಳಗೆ ಒಣ ಅರಿವೆ, ಬಿಸಿ ರೊಟ್ಟಿ, ಹೆಸರುಕಾಳಿನ ಪಲ್ಯ, ಪಂಚಮಿಯಿಂದ ಉಳಿದ ಎಳ್ಳುಂಡಿ ಎಲ್ಲ ಇತ್ತು. ಹಲ್ಲೂ ನನ್ನ ಹತ್ತಿರವೇ ಉಳಿಯುತ್ತಿತ್ತು. ಆದರೆ ಒಮ್ಮೆ ಕಲ್ಲು ಎಂದು ಒಪ್ಪಿಕೊಂಡರೆ ಆ ಮನೆಯಲ್ಲಿ ಅದು ಎಂದೆಂದಿಗೂ ಕಲ್ಲೇ. ನಾಳೆ ಯಾರಾದರೂ ಅದರಿಂದ ಬೆಳ್ಳುಳ್ಳಿ ಜಜ್ಜುತ್ತಿದ್ದರು. ನಾನು ಕಂಡುಹಿಡಿದದ್ದನ್ನು ನನ್ನ ಬಾಯಿಂದಲೇ ಇಲ್ಲ ಎನ್ನಿಸಲು ಎಲ್ಲರೂ ಸೇರಿದ್ದರು. ನನಗೆ ಸಿಟ್ಟು ನೆತ್ತಿಗೇರಿತು.

“ಕಲ್ಲಲ್ಲ, ಎಲುಬು,” ಎಂದೆ.

ನಮ್ಮ ಮನೆಯಲ್ಲಿ ಬಾಗಿಲು ದಾಟಿದ ಕೂಡಲೇ ದನದ ಕೊಟ್ಟಿಗೆ, ಅಲ್ಲಿಂದ ಒಂದು ಮೆಟ್ಟಿಲು ಮೇಲಕ್ಕೆ ಪಡಸಾಲೆ, ಆಮೇಲೆ ಅಡುಗೆಮನೆ, ದೇವರ ಜಗಲಿ. ನನ್ನನ್ನು ಆ ಮೆಟ್ಟಿಲಿನ ಕೆಳಗೆ ಕೂರಿಸಿದರು. ಅಕ್ಕ ಎಲೆಯಲ್ಲಿ ರೊಟ್ಟಿ ಸುತ್ತಿ ತಂದು, ದೂರದಿಂದ ನನ್ನ ಮಡಿಲಿಗೆ ಹಾಕಿ, ಇನ್ನಾದರೂ ಕಲ್ಲು ಅನ್ನಬಾರದೇ ಎಂದು ಕಣ್ಣಲ್ಲೇ ಬೇಡಿಕೊಂಡಳು. ನಾನು ರೊಟ್ಟಿ ತಿಂದೆ, ಜಪ್ಪಯ್ಯ ಎಂದರೂ ಆ ಮಾತು ಅನ್ನಲಿಲ್ಲ. ಅಪ್ಪ ಬಂದು ಹಲ್ಲನ್ನು ಕಿತ್ತುಕೊಂಡರೆ ಏನು ಮಾಡುವುದು ಎಂಬ ಹೆದರಿಕೆ ಮಾತ್ರ ಇತ್ತು.

ಮಧ್ಯಾಹ್ನವೆಲ್ಲ ಎತ್ತುಗಳ ಜೊತೆ ಕಳೆಯಿತು. ಅಂದು ಸೋಮವಾರ, ಬಸವಣ್ಣನ ವಾರ, ಎತ್ತಿಗೆ ನೊಗ ಹೂಡುವ ಹಾಗಿರಲಿಲ್ಲ. ಗಂಜಲದ ಘಾಟು, ಒಣ ಮೇವಿನ ವಾಸನೆ, ನೊಣ ಓಡಿಸಲು ಬೀಸುವ ಬಾಲದ ಸಪ್ಪಳ. ಬಿಳಿ ಎತ್ತು ಮೇವು ಹಾಕುವ ಗೋದಲಿಯ ಹತ್ತಿರ ಮಲಗಿ ಮೆಲುಕು ಹಾಕುತ್ತಿತ್ತು. ಅದರ ಕೆಳದವಡೆ ಎಡಕ್ಕೂ ಬಲಕ್ಕೂ ಬೀಸುಕಲ್ಲಿನ ಹಾಗೆ ತಿರುಗುವುದನ್ನು ನೋಡುತ್ತಾ ನನಗೆ ಒಂದು ಯೋಚನೆ ಬಂತು. ನನ್ನ ಕೈಯಲ್ಲಿದ್ದ ಹಲ್ಲಿನ ಮೇಲ್ಗಡೆ ಸವೆದು ಸಮವಾಗಿತ್ತು. ಕಚ್ಚುವ ಹಲ್ಲು ಹಾಗೆ ಸವೆಯುವುದಿಲ್ಲ, ಅರೆಯುವ ಹಲ್ಲು ಸವೆಯುತ್ತದೆ. ಎತ್ತಿನ ಬಾಯಿಯೊಳಗೆ ಇಣುಕಲು ಎಷ್ಟು ಬಗ್ಗಿದರೂ ಅದು ನನ್ನ ಮುಖಕ್ಕೆ ಬುಸ್ಸೆಂದು ಉಸಿರು ಬಿಟ್ಟಿತೇ ಹೊರತು ಬಾಯಿ ತೆರೆಯಲಿಲ್ಲ.

ಹೊತ್ತು ಇಳಿಯುವಾಗ ಅಪ್ಪ ಹೊಲದಿಂದ ಬಂದ. ಅಮ್ಮ ಪಡಸಾಲೆಯಿಂದಲೇ ನಡೆದದ್ದನ್ನೆಲ್ಲ ಹೇಳಿ, ಮೊದಲು ಅದನ್ನು ಒಗೆದು ಬಾ ಎಂದಳು. ಅಪ್ಪ ನನ್ನ ಮುಂದೆ ಕೈ ಚಾಚಿದ. ನಾನು ಕೊಡಲಿಲ್ಲ.

“ಒಗೆಯೂದಕ್ಕಿಂತ ಮೊದಲ ಬಿಳಿ ಎತ್ತಿನ ಬಾಯಿ ತೆಗಿಯಪ್ಪ,” ಎಂದೆ. “ಹಿಂದಿನ ಹಲ್ಲು ನೋಡಬೇಕು. ಇದರಂಗ ಇರದಿದ್ದರ ನಾನ ಹೋಗಿ ಒಗದು ಬರ್ತೀನಿ.”

ನಮ್ಮ ಸೀಮೆಯಲ್ಲಿ ಎತ್ತಿನ ವಯಸ್ಸನ್ನು ಅದರ ಮುಂದಿನ ಹಲ್ಲು ನೋಡಿಯೇ ಹೇಳುವುದು. ಸಂತೆಯಲ್ಲಿ ಎತ್ತು ಕೊಳ್ಳುವವರು ಬಾಯಿ ನೋಡಲು ಅಪ್ಪನನ್ನು ಕರೆದೊಯ್ಯುತ್ತಿದ್ದರು. ಹಲ್ಲು ಎಂದ ಕೂಡಲೇ ಅವನಿಗೆ ತಡೆದುಕೊಳ್ಳಲು ಆಗಲಿಲ್ಲ ಎಂದು ಕಾಣುತ್ತದೆ. ಅಮ್ಮನ ಕಡೆ ಒಮ್ಮೆ ನೋಡಿ, ಬ್ಯಾಟರಿ ತಂದು ನನ್ನ ಕೈಗೆ ಕೊಟ್ಟು, ಎತ್ತಿನ ಮೂಗುದಾರ ಹಿಡಿದು ನಾಲಿಗೆಯನ್ನು ಪಕ್ಕಕ್ಕೆ ಎಳೆದ. ನಾನು ಬೆಳಕು ಬಿಟ್ಟೆ. ಒಳಗೆ, ಕೆನ್ನೆಯ ಆಳದಲ್ಲಿ, ಮೇವಿನ ರಸದಿಂದ ಹಸಿರಾದ ಹಲ್ಲುಗಳ ಸಾಲು. ಒಂದೊಂದರ ಮೇಲೂ ಅರ್ಧಚಂದ್ರದ ಗೆರೆ. ನನ್ನ ಕೈಯಲ್ಲಿದ್ದುದರ ಮೇಲೆ ಇದ್ದವೂ ಅವೇ ಗೆರೆಗಳು.

ಅಪ್ಪ ಎತ್ತಿನ ಬಾಯಿ ಬಿಟ್ಟು, ಕೈ ಒರೆಸಿಕೊಂಡು, ನನ್ನ ಹಲ್ಲನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. “ಎತ್ತಿನ ದವಡಿ ಹಲ್ಲ ಐತಿ ಇದು,” ಎಂದ. “ಆದರ ಇಂಥಾ ದೊಡ್ಡ ಹಲ್ಲಿನ ಎತ್ತು ನಾ ಯಾವ ಸಂತ್ಯಾಗೂ ಕಂಡಿಲ್ಲ.”

ಗೆದ್ದೆ ಎಂದುಕೊಂಡೆ, ಆದರೆ ಅಷ್ಟಕ್ಕೇ ಮುಗಿಯಲಿಲ್ಲ. ಎತ್ತು ಎಂಬ ಮಾತು ಕಿವಿಗೆ ಬಿದ್ದದ್ದೇ ಅಮ್ಮ ಮೆಟ್ಟಿಲಿಳಿದು ಬಂದಳು. ಎತ್ತೆಂದರೆ ಅವಳಿಗೆ ಬಸವಣ್ಣ. ಇಷ್ಟು ದೊಡ್ಡ ಎತ್ತೆಂದರೆ ಇನ್ನೂ ದೊಡ್ಡ ಬಸವಣ್ಣ. ಶ್ರಾವಣ ಸೋಮವಾರ ತಾನಾಗಿ ಮನೆಗೆ ಬಂದಾನ ಎನ್ನುತ್ತಾ ಅಪ್ಪನ ಕೈಯಿಂದ ಹಲ್ಲನ್ನು ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡಳು. ವಿಭೂತಿ ಬಳಿದು, ಜಗಲಿಯ ಮೇಲೆ ಕಿನ್ನಾಳದ ಚಿತ್ರಗಾರರು ಮಾಡಿದ ಬಣ್ಣದ ಕಟ್ಟಿಗೆ ಬಸವಣ್ಣನ ಪಕ್ಕ ಇಟ್ಟಳು. ಆ ಹಲ್ಲು ಕಟ್ಟಿಗೆ ಬಸವಣ್ಣನ ಮುಖಕ್ಕಿಂತ ದೊಡ್ಡದಿತ್ತು. ಮನೆಯವರೆಲ್ಲ ಕೈ ಮುಗಿದರು. ಅಕ್ಕ ಹೋದ ಜೀವ ಬಂದವಳಂತೆ ನಕ್ಕಳು.

ನನಗೆ ಮಾತ್ರ ಮುಂಜಾನೆಗಿಂತ ಹೆಚ್ಚು ಸಿಟ್ಟು ಬಂತು. ಮುಂಜಾನೆ ಮೈಲಿಗೆಯಾಗಿದ್ದದ್ದು ಸಂಜೆಗೆ ದೇವರಾಗಿತ್ತು. ಎರಡು ಸಲವೂ ಅಪ್ಪನೊಬ್ಬನನ್ನು ಬಿಟ್ಟರೆ ಯಾರೂ ಅದನ್ನು ಸರಿಯಾಗಿ ನೋಡಲೇ ಇಲ್ಲ. ಹಳ್ಳಕ್ಕೆ ಎಸೆದರೂ ಅದು ನನ್ನ ಕೈಗೆ ಸಿಗುತ್ತಿರಲಿಲ್ಲ, ಜಗಲಿಯ ಮೇಲಿಟ್ಟರೂ ಸಿಗುವುದಿಲ್ಲ. ನಾನು ನೆಟ್ಟಗೆ ಜಗಲಿಗೆ ಹೋಗಿ, ಎಲ್ಲರೂ ನೋಡುತ್ತಿದ್ದ ಹಾಗೆಯೇ, ಹಲ್ಲನ್ನು ಕೈಗೆತ್ತಿಕೊಂಡೆ.

“ಇದು ದೇವರಲ್ಲಮ್ಮಾ, ಹಲ್ಲು,” ಎಂದೆ. “ನಾ ದಿನಾ ನೋಡಬೇಕು. ಒಳಗೂ ಬ್ಯಾಡ, ಹೊರಗೂ ಬ್ಯಾಡ, ಎತ್ತಿನ ಹತ್ತರ ಇರಲಿ.”

ಅಮ್ಮ ಕೈ ಎತ್ತಿದಳು. ಅಪ್ಪ ಅಡ್ಡ ಬಂದ. “ಇರಲಿ ಬಿಡಬೇ. ಬಸವಣ್ಣಗ ಕೊಟ್ಟಿಗ್ಯಾಗ ಇರಾಕ ನಾಚಿಕಿ ಏನು?” ಎಂದ. ಅಮ್ಮ ಎತ್ತಿದ ಕೈ ಇಳಿಸಿದಳು. ಈ ಹಟಮಾರಿ ಯಾವ ಮನೆ ಹಾಳು ಮಾಡತಾಳೋ ಎಂದು ಗೊಣಗುತ್ತಾ ಒಳಗೆ ಹೋದಳು. ಹಲ್ಲು ಕೊಟ್ಟಿಗೆಯ ಗೋಡೆಯ ಗೂಡಿನಲ್ಲಿ ಕೂತಿತು.

ಆಮೇಲೆ ವರ್ಷಾನುಗಟ್ಟಲೆ ಪ್ರತಿ ಸೋಮವಾರ ಅಮ್ಮ ಯಾರಿಗೂ ಕಾಣದಂತೆ ಅದಕ್ಕೆ ವಿಭೂತಿ ಬಳಿಯುವಳು, ನಾನು ಒರೆಸುವೆನು. ಅವಳೂ ಬಿಡಲಿಲ್ಲ, ನಾನೂ ಬಿಡಲಿಲ್ಲ, ಒಬ್ಬರೂ ಅದರ ಬಗ್ಗೆ ಮಾತಾಡಲಿಲ್ಲ. ಮುಂದೆ ನಾನು ಧಾರವಾಡದಲ್ಲಿ ಓದುವಾಗ ಅದನ್ನು ಒಯ್ದು ತಿಳಿದವರಿಗೆ ತೋರಿಸಿದೆ. ಈಗ ಜಗತ್ತಿನಲ್ಲೇ ಇಲ್ಲದ ಒಂದು ಕಾಡುದನದ ಹಲ್ಲು, ಮನುಷ್ಯರು ಹೊಲ ಉಳುವುದಕ್ಕೂ ಎಷ್ಟೋ ಸಾವಿರ ವರ್ಷ ಮೊದಲಿನದು ಎಂದರು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳಾದದ್ದಕ್ಕೂ ಆ ಹಲ್ಲೇ ಕಾರಣ. ಅಮ್ಮ ಹೋದ ಮೇಲೆ ನಾನು ಒರೆಸುವುದನ್ನು ಬಿಟ್ಟೆ. ಅರ್ಧಚಂದ್ರದ ಗೆರೆಗಳಲ್ಲಿ ಅವಳ ವಿಭೂತಿ ಇನ್ನೂ ಬೆಳ್ಳಗೆ ಕೂತಿದೆ.

ಈಗ ಹಳ್ಳದ ಮರಳು ಟ್ರ್ಯಾಕ್ಟರುಗಳಲ್ಲಿ ಊರು ಬಿಟ್ಟು ಹೋಗಿದೆ. ಗರಸಿನ ದಂಡೆಯ ಮೇಲೆ ಜಾಲಿ ಬೆಳೆದಿದೆ. ನಮ್ಮ ಕೊಟ್ಟಿಗೆಯಲ್ಲಿ ಎತ್ತಿಲ್ಲ, ನೀವು ಬಂದಾಗ ನಿಮ್ಮಪ್ಪನ ಮೋಟಾರ್ ಸೈಕಲ್ ನಿಲ್ಲುತ್ತದೆ. ಹಳ್ಳದಲ್ಲಿ ನಿಮಗೊಂದು ಹಲ್ಲು ಸಿಕ್ಕರೆ ಬಾಯಿ ತೆಗೆಸಿ ಹೋಲಿಸಿ ನೋಡಲು ಓಣಿಯಲ್ಲಿ ಒಂದು ಬಿಳಿ ಎತ್ತೂ ಇಲ್ಲ. ಅದರ ಬದಲು ನಿಮ್ಮ ಕೈಯಲ್ಲಿ ಮೊಬೈಲಿದೆ. ಫೋಟೊ ಹೊಡೆದರೆ ಯಾವ ಹಕ್ಕಿ, ಯಾವ ಗಿಡ ಎಂದು ಅದೇ ಹೇಳುತ್ತದೆ.

ಈ ಪಂಚಮಿಗೆ ನೀವೆಲ್ಲ ಬಂದಾಗ ನಿಮ್ಮಲ್ಲಿ ಸಣ್ಣವಳು ಗೂಡಿನಿಂದ ಹಲ್ಲನ್ನು ತೆಗೆದು ಫೋಟೊ ಹೊಡೆದಳು. “ಸಣ್ಣಜ್ಜಿ, ಇದು ಕಲ್ಲಂತ,” ಎಂದು ಮೊಬೈಲನ್ನು ನನ್ನ ಮುಖಕ್ಕೆ ಹಿಡಿದಳು.

“ಮೊಬೈಲಿಗೆ ನಾಲಿಗಿ ಇಲ್ಲ, ನಿನಗೈತಿ,” ಎಂದೆ.

ಅವಳು ಹಲ್ಲನ್ನು ಬಾಯಿಯ ಹತ್ತಿರ ಒಯ್ಯುವಷ್ಟರಲ್ಲಿ ಅವಳ ತಾಯಿ ಅಡುಗೆಮನೆಯಿಂದ ಕೂಗಿದಳು. ಬಾಯಿಗೆ ಹಾಕಬೇಡ, ಗಲೀಜು, ಕ್ರಿಮಿ ಇರ್ತಾವ ಎಂದಳು. ಹುಡುಗಿ ಅಲ್ಲಿಯೇ ನಿಂತಳು. ನಾನು ಏನಾದರೂ ಹೇಳುವ ಮೊದಲೇ ಪಡಸಾಲೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದ ಅಕ್ಕ, ಅಂದು ದಾರಿಯುದ್ದಕ್ಕೂ ಕಲ್ಲು ಅನ್ನು ಎಂದು ಬೇಡಿದ್ದ ಅದೇ ಅಕ್ಕ, ತಲೆ ಎತ್ತದೆ ಅಂದಳು: “ತೊಳದು ಹಚ್ಚವ್ವಾ. ಹಚ್ಚಿ ನೋಡಿ ನೀನ ಹೇಳು.”

ಹುಡುಗಿ ಬುಡದ ಚೂರನ್ನು ನಲ್ಲಿಯ ನೀರಿನಲ್ಲಿ ತೊಳೆದು, ಫ್ರಾಕಿನಲ್ಲಿ ಒರೆಸಿ, ಊದಿ ಊದಿ ಒಣಗಿಸಿದಳು. ಕಣ್ಣು ಮುಚ್ಚಿ ನಾಲಿಗೆ ಚಾಚಿದಳು. ಅದು ಹಿಡಿದದ್ದು ಅವಳ ಹುಬ್ಬು ಮೇಲಕ್ಕೆ ಹೋದದ್ದರಿಂದಲೇ ನನಗೆ ತಿಳಿಯಿತು. ಮೆಲ್ಲಗೆ ಬಿಡಿಸಿಕೊಂಡು, ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದ ತಾಯಿಯ ಕಡೆ ತಿರುಗಿದಳು.

“ಕಲ್ಲಲ್ಲ ಮಮ್ಮಿ, ಎಲುಬು,” ಎಂದಳು.